ಸೊನ್ನೆ ಎಂದರೆ ಒಪ್ಪಿಗೆ

ದೊಡ್ಡ ಸಂಸ್ಥೆಯೊಂದರ ಕಂಪ್ಯೂಟರುಗಳನ್ನು ಬಳಸತಕ್ಕವರು ಯಾರು, ಯಾರಿಗೆ ಎಷ್ಟು ಅಧಿಕಾರವುಂಟು ಎಂಬುದನ್ನೆಲ್ಲ ಒಂದೆಡೆ ದಾಖಲೆಯಾಗಿಟ್ಟಿರುವ ವ್ಯವಸ್ಥೆಗೆ ಡೈರೆಕ್ಟರಿ ಸರ್ವರ್ ಎಂದು ಹೆಸರು. ಅದರೊಡನೆ ವ್ಯವಹರಿಸಲು 1990ರ ದಶಕದ ಆರಂಭದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ಎಲ್‌ಡ್ಯಾಪ್ ಎಂಬ ನಿಯಮಾವಳಿ ಬಳಕೆಯಲ್ಲಿದೆ.

ಕೋರಿಕೆಯೊಂದು ಬಂದಾಗ ಸರ್ವರು ಎರಡು ವಿಷಯಗಳನ್ನು ಪರೀಕ್ಷಿಸಬೇಕು. ಬಂದವನು ಯಾರು? ಕೇಳಿದ ಕಾರ್ಯಕ್ಕೆ ಅವನಿಗೆ ಅಧಿಕಾರವಿದೆಯೆ? ಇವೆರಡೂ ಒಂದೇ ಅಲ್ಲ. ಪ್ರವೇಶಪತ್ರವುಳ್ಳ ವಿದ್ಯಾರ್ಥಿಯು ಪರೀಕ್ಷಾಮಂದಿರವನ್ನು ಹೊಗಬಹುದು, ಅಂಕಪಟ್ಟಿಯನ್ನು ತಿದ್ದಲಾರನು.

ವಿಎಂವೇರ್ ಸಂಸ್ಥೆಯ ವಿಸೆಂಟರ್ ಎಂಬ ತಂತ್ರಾಂಶವು, ಒಂದೇ ಯಂತ್ರದೊಳಗೆ ಹಲವು ಕಂಪ್ಯೂಟರುಗಳಿರುವಂತೆ ನಡೆಸುವ ಏರ್ಪಾಟನ್ನು ಆಳುತ್ತದೆ. ಅದರ ಬಳಕೆದಾರರ ದಾಖಲೆ ವಿಎಂಡಿರ್ ಎಂಬ ಡೈರೆಕ್ಟರಿಯಲ್ಲಿರುತ್ತದೆ. ಈ ಡೈರೆಕ್ಟರಿ ಅಧಿಕಾರವನ್ನು ಸರಿಯಾಗಿ ಪರೀಕ್ಷಿಸುತ್ತಿಲ್ಲವೆಂದು 2020ರ ಏಪ್ರಿಲಿನಲ್ಲಿ ಆ ಸಂಸ್ಥೆಯೇ ಪ್ರಕಟಿಸಿತು. ದೋಷದ ತೀವ್ರತೆಗೆ ದೊರೆತ ಅಂಕ 10ಕ್ಕೆ 10.

ಕೆಲವೇ ದಿನಗಳಲ್ಲಿ ಗಾರ್ಡಿಕೋರ್ ಸಂಸ್ಥೆಯ ಸಂಶೋಧಕರು ಕಾರಣವನ್ನು ವಿವರಿಸಿದರು. ಇಲ್ಲಿ ಎರಡು ತಪ್ಪುಗಳು ಕೂಡಿಕೊಂಡಿದ್ದವು. ಇಂಥ ತಂತ್ರಾಂಶಗಳಲ್ಲಿ ತಪ್ಪಿನ ಸಂಖ್ಯೆ ಸೊನ್ನೆಯಾದರೆ 'ಅಡ್ಡಿಯಿಲ್ಲ' ಎಂದರ್ಥ. ಅಧಿಕಾರವನ್ನು ಪರೀಕ್ಷಿಸುವ ಭಾಗವು, ಅಧಿಕಾರವಿಲ್ಲವೆಂದು ಕಂಡಾಗಲೂ ನಿರಾಕರಣೆಯ ಸಂಖ್ಯೆಯನ್ನು ತಿಳಿಸದೆ ಒಪ್ಪಿಗೆಯನ್ನೇ ಸೂಚಿಸುತ್ತಿದ್ದಿತು! ಇನ್ನೊಂದು ತಪ್ಪು ಇದಕ್ಕಿಂತ ವಿಚಿತ್ರವಾದುದು. ಗುರುತಿನ ಚೀಟಿಯೇ ಇಲ್ಲದ ಕೋರಿಕೆ ಬಂದರೆ, ಅದು ತಂತ್ರಾಂಶದ ಒಳಗಿನದೇ ಕೆಲಸವಿರಬೇಕೆಂದು ಭಾವಿಸಿ, ಅದಕ್ಕೆ ಸರ್ವಾಧಿಕಾರವನ್ನು ಕೊಡಲಾಗುತ್ತಿದ್ದಿತು. ಹೀಗಾಗಿ ಗುಪ್ತಪದವನ್ನರಿಯದವನೂ ಜಾಲದ ಮೂಲಕ ಸರ್ವರನ್ನು ತಲುಪಬಲ್ಲವನಾದರೆ ಸಾಕು, ಮೂರು ಆಜ್ಞೆಗಳಿಂದ ಹೊಸ ಬಳಕೆದಾರನನ್ನು ಸೃಷ್ಟಿಸಿ ಆಡಳಿತಗಾರರ ಗುಂಪಿಗೆ ಸೇರಿಸಬಹುದಾಗಿದ್ದಿತು.

ರೈಲ್ವೆಯ ಹಳೆಯ ಕೈಮರವನ್ನು ನೆನೆಯಿರಿ. ಎಳೆಯುವ ತಂತಿ ಕಡಿದುಹೋದರೆ ಅದರ ತೋಳು ತೂಕದ ಕಲ್ಲಿನ ಭಾರದಿಂದ ತಾನಾಗಿ 'ನಿಲ್ಲು' ಎಂಬ ಸ್ಥಾನಕ್ಕೆ ಮರಳುತ್ತದೆ. ಯಂತ್ರ ಕೆಟ್ಟರೆ ಗಾಡಿ ತಡವಾದೀತು, ಅಪಘಾತವಾಗದು. ವಿಎಂಡಿರ್‌ನ ರಚನೆ ಇದಕ್ಕೆ ನೇರ ವಿರುದ್ಧವಾಗಿದ್ದಿತು. ನನ್ನ ಮಟ್ಟಿಗೆ ಆ ಸೊನ್ನೆಗಿಂತ ಈ ಎರಡನೆಯ ಭಾವನೆಯೇ ದೊಡ್ಡ ದೋಷ. ಸೊನ್ನೆ ಕೈತಪ್ಪಿನಿಂದ ಬಂದೀತು, ಭಾವನೆ ಬುದ್ಧಿಪೂರ್ವಕವಾಗಿ ಬಂದುದು.

6.7ನೆಯ ಆವೃತ್ತಿಯನ್ನು ಹೊಸದಾಗಿ ಸ್ಥಾಪಿಸಿದವರಿಗೆ ಈ ಅಪಾಯವಿರಲಿಲ್ಲ. 6.0 ಅಥವಾ 6.5ರಿಂದ ಮೇಲೇರಿದ ಸರ್ವರುಗಳಲ್ಲಿ ಮಾತ್ರ ಹಳೆಯ ಪರೀಕ್ಷಾಕ್ರಮ ಉಳಿದುಕೊಂಡಿದ್ದಿತು. ಆರಂಭದ ದಿನಚರಿಯಲ್ಲಿ 'ಲೆಗಸಿ' ಎಂಬ ಶಬ್ದ ಕಂಡರೆ ಆ ಸರ್ವರು ದೋಷಯುಕ್ತವೆಂದು ತಿಳಿಯಬಹುದಾಗಿದ್ದಿತು. 6.7ರ ತಿದ್ದುಪಡಿಯಾದ '3ಎಫ್' ಈ ಬಾಗಿಲನ್ನು ಮುಚ್ಚಿತು.