ಚೊಚ್ಚಲು ಕಡಸನ್ನು ಹೊಡೆಯದೆ ಪಳಗಿಸುವುದು ಹೇಗೆ?



ಕಡಸು ಗಬ್ಬವಾಯಿತೆಂದು ಗೊತ್ತಾದ ದಿನದಿಂದ ಮನೆಯವರೆಲ್ಲ ಅದರ ಮೇವು, ಬೂಸ, ಹಿಂಡಿಯ ಕಡೆ ಗಮನ ಕೊಡುತ್ತೇವೆ. ಅದು ಕರು ಹಾಕಲು ಸುಮಾರು 280 ದಿನಗಳು ಬೇಕು. ಇಷ್ಟು ದಿನಗಳಲ್ಲಿ ಅದರ ಮೈಮೇಲೆ ಕೈಯಿಟ್ಟವರು ಎಷ್ಟು ಮಂದಿ ಎಂದು ಕೇಳಿದರೆ ಮಾತ್ರ ಹೆಚ್ಚಿನ ಮನೆಗಳಲ್ಲಿ ಉತ್ತರ ಬರುವುದಿಲ್ಲ. ಈದ ಮೇಲೆ ಗಿಣ್ಣು ಹಾಲು ಕರೆಯುವಾಗಲೇ ಮೊದಲ ಸಲ ಕೆಚ್ಚಲಿಗೆ ಕೈ ಹಾಕುತ್ತೇವೆ. ಅದು ಒದೆಯುತ್ತದೆ. ಕಾಲಿಗೆ ಹಗ್ಗ, ಬೆನ್ನಿಗೆ ಕೋಲು ಬೀಳುತ್ತದೆ. ಹದಿನೈದು ದಿನ ಹೀಗೆ ನಡೆದರೆ ‘ಒದೆಯುವ ಹಸು’ ಎಂಬ ಹೆಸರು ಬಂದು, ಸಾಲ ಮಾಡಿ ಸಾಕಿದ ಹಸು ಸಂತೆಯಲ್ಲಿ ಕೇಳಿದ ಬೆಲೆಗೆ ಹೋಗುತ್ತದೆ. ಹಾಲು ಕರೆಯುವ ಹೆಣ್ಣುಮಕ್ಕಳ ಕೈಕಾಲಿಗೆ ಬಿದ್ದ ಪೆಟ್ಟಿನ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ.

ಕಡಸಿಗೆ ಇದು ಹುಟ್ಟುಗುಣವಲ್ಲ, ಹೆದರಿಕೆ. ಈ ಹೆದರಿಕೆಯನ್ನು ಈಯುವುದಕ್ಕೆ ಎರಡು ಮೂರು ತಿಂಗಳು ಮುಂಚಿನಿಂದಲೇ ಕಳೆಯಬಹುದು. ಅದಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು, ಕಾಸಿನ ಖರ್ಚಿಲ್ಲ.

ಮೊದಲು ದನ ಹೇಗೆ ನೋಡುತ್ತದೆ ಎಂಬುದನ್ನು ತಿಳಿಯಬೇಕು. ಅದರ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಆದುದರಿಂದ ತಲೆ ತಿರುಗಿಸದೆಯೇ ಸುತ್ತಮುತ್ತ ಬಹುಪಾಲು ಅದಕ್ಕೆ ಕಾಣುತ್ತದೆ. ನೇರ ಹಿಂಭಾಗ ಮಾತ್ರ ಕಾಣುವುದಿಲ್ಲ. ಕಾಣದ ಕಡೆಯಿಂದ ಸದ್ದಿಲ್ಲದೆ ಬಂದು ಮುಟ್ಟಿದರೆ ಅದು ಒದೆಯುವುದು ನ್ಯಾಯವೇ ಸರಿ. ನೆಲದ ತಗ್ಗು ದಿಣ್ಣೆ ಅದಕ್ಕೆ ಬೇಗ ತಿಳಿಯುವುದಿಲ್ಲ. ಬಾಗಿಲಿನ ನೆರಳು, ಮೋರಿಯ ಹೊಳೆಯುವ ನೀರು, ಬೇಲಿಯಲ್ಲಿ ಹಾರಾಡುವ ಪ್ಲಾಸ್ಟಿಕ್ ಚೀಲ ಕಂಡರೆ ನಿಂತುಬಿಡುತ್ತದೆ. ನಾವು ಅದನ್ನು ಮೊಂಡುತನವೆಂದು ತಿಳಿದು ಬಾಲ ತಿರುಚುತ್ತೇವೆ. ಬಾಲ ತಿರುಚುವ ಬದಲು ಎರಡು ಗಳಿಗೆ ಬಿಟ್ಟರೆ, ಅದು ತಲೆ ತಗ್ಗಿಸಿ ಮೂಸಿ ನೋಡಿ ತಾನಾಗಿಯೇ ದಾಟುವುದುಂಟು.

ಪ್ರತಿಯೊಂದು ದನದ ಸುತ್ತಲೂ ಕಣ್ಣಿಗೆ ಕಾಣದ ಒಂದು ಗೆರೆ ಇರುತ್ತದೆ. ಗೆರೆಯ ಹೊರಗೆ ನಿಂತರೆ ಅದು ನಮ್ಮನ್ನು ನೋಡುತ್ತಾ ನಿಲ್ಲುತ್ತದೆ. ಒಳಗೆ ಕಾಲಿಟ್ಟರೆ ದೂರ ಸರಿಯುತ್ತದೆ. ಕಾವಲಿನಲ್ಲಿ ಮೇಯ್ದು ಬೆಳೆದ ಅಮೃತಮಹಲ್ ದನಕ್ಕೆ ಈ ಗೆರೆ ಬಹು ದೂರ, ಹಿತ್ತಲಲ್ಲಿ ಬೆಳೆದ ಮಿಶ್ರತಳಿ ಕಡಸಿಗೆ ಹತ್ತಿರ. ಅಮೆರಿಕದ ಕೊಲೊರಾಡೊ ರಾಜ್ಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕಿ ಟೆಂಪಲ್ ಗ್ರಾಂಡಿನ್ ಎಂಬುವರು ಈ ವಿಷಯವನ್ನು ಅನೇಕ ದೇಶಗಳ ದನಗಾರರಿಗೆ ಕಲಿಸಿಕೊಟ್ಟಿದ್ದಾರೆ. ಅವರು ಹೇಳುವ ಇನ್ನೊಂದು ಮಾತು ನಮಗೆ ಬಹಳ ಉಪಯುಕ್ತ. ದನದ ಭುಜವೇ ತಕ್ಕಡಿಯ ಮುಳ್ಳಿದ್ದಂತೆ. ಭುಜದಿಂದ ಹಿಂದೆ, ಪಕ್ಕಕ್ಕೆ ನಿಂತು ಒಂದು ಹೆಜ್ಜೆ ಹತ್ತಿರ ಬಂದರೆ ದನ ಮುಂದೆ ನಡೆಯುತ್ತದೆ. ಭುಜದಿಂದ ಮುಂದೆ ಬಂದರೆ ಹಿಂದೆ ಸರಿಯುತ್ತದೆ. ಮುಖದ ಮುಂದೆ ನಿಂತು ‘ಬಾ ಬಾ’ ಎಂದು ಎಳೆಯುವವರು ಅದನ್ನು ಹಿಂದಕ್ಕೆ ತಳ್ಳುತ್ತಲೂ ಇದ್ದಾರೆ ಎಂದ ಹಾಗಾಯಿತು. ಈ ಎರಡು ಸಂಗತಿಗಳನ್ನು ಇಂದು ಸಂಜೆಯೇ ಕೊಟ್ಟಿಗೆಯಲ್ಲಿ ಪರೀಕ್ಷಿಸಿ ನೋಡಬಹುದು.

ಇನ್ನು ಹಗ್ಗದ ವಿಚಾರ. ನನ್ನ ಅಭಿಪ್ರಾಯದಲ್ಲಿ ಪಳಗಿಸುವ ವಿದ್ಯೆಯಲ್ಲಿ ಮುಕ್ಕಾಲು ಭಾಗ ಇಲ್ಲಿಯೇ ಇದೆ. ಹಗ್ಗ ಎಳೆದಾಗ ದನ ಕಲಿಯುವುದಿಲ್ಲ, ಹಗ್ಗ ಸಡಿಲವಾದಾಗ ಕಲಿಯುತ್ತದೆ. ಕಡಸಿನ ಪಕ್ಕದಲ್ಲಿ ನಿಂತು ಹಗ್ಗವನ್ನು ಮೆಲ್ಲಗೆ ಬಿಗಿ ಮಾಡಿ, ಹಾಗೆಯೇ ಹಿಡಿದಿರಿ. ಜಗ್ಗಬೇಡಿ. ಅದು ಸ್ವಲ್ಪ ಹೊತ್ತು ಸುಮ್ಮನಿರುತ್ತದೆ, ಆಮೇಲೆ ಭಾರವನ್ನು ಮುಂದಕ್ಕೆ ಹಾಕುತ್ತದೆ ಅಥವಾ ಒಂದು ಕಾಲೆತ್ತಿಡುತ್ತದೆ. ಆ ಕ್ಷಣದಲ್ಲಿಯೇ ಹಗ್ಗ ಸಡಿಲ ಬಿಡಬೇಕು. ‘ಹೆಜ್ಜೆಯಿಟ್ಟರೆ ಬಿಗಿ ಹೋಗುತ್ತದೆ’ ಎಂದು ಅದಕ್ಕೆ ತಿಳಿಯುತ್ತದೆ. ಐದಾರು ಸಲ ಆದ ಮೇಲೆ ಹಗ್ಗ ಬಿಗಿಯಾಗುವ ಮುಂಚೆಯೇ ಹೆಜ್ಜೆ ಏಳುತ್ತದೆ. ಇದಕ್ಕೆ ವಿರುದ್ಧವಾಗಿ, ಕಡಸು ತಲೆ ಕೊಡವಿ ಹಾರಿದಾಗ ನಾವು ಹೆದರಿ ಹಗ್ಗ ಬಿಟ್ಟೆವೆನ್ನಿ. ಆಗಲೂ ಅದು ಪಾಠ ಕಲಿಯುತ್ತದೆ, ಆದರೆ ಹಾರುವ ಪಾಠ. ಆದುದರಿಂದ ಹಾರಿದಾಗ ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ಹಾಕಿ ಹಿಡಿದುಕೊಂಡು, ಅದು ನಿಂತ ಮೇಲೆ ಸಡಿಲ ಮಾಡಬೇಕು. ಹಗ್ಗವನ್ನು ಕೈಗೆ ಮಾತ್ರ ಎಂದಿಗೂ ಸುತ್ತಿಕೊಳ್ಳಕೂಡದು, ಬೆರಳು ಹೋದೀತು. ಗಬ್ಬದ ಕಡಸನ್ನು ಕೆಡವುವುದು, ಓಡಿಸಿ ದಣಿಸುವುದು ಕೂಡದು ಎಂದು ಬೇರೆ ಹೇಳಬೇಕಾಗಿಲ್ಲ.

ನಡೆಯಲು ಕಲಿತ ಮೇಲೆ ಮೈ ಮುಟ್ಟುವ ಪಾಠ. ಮೊದಲು ಕುತ್ತಿಗೆಯ ಕೆಳಗೆ, ಗಂಗೆದೊಗಲಿನ ಹತ್ತಿರ ಕೆರೆಯಿರಿ. ದನಗಳು ಒಂದನ್ನೊಂದು ನೆಕ್ಕುವಾಗ ಬಹಳವಾಗಿ ಬಯಸುವ ಜಾಗ ಇದು. ಆಸ್ಟ್ರಿಯ ದೇಶದಲ್ಲಿ ಇದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ್ದಾರೆ. ಬೇರೆ ಭಾಗಗಳಿಗಿಂತ ಕತ್ತನ್ನು ಸವರಿದಾಗ ಹಸುಗಳು ಕತ್ತು ಚಾಚಿ, ಕಿವಿ ಜೋಲು ಬಿಟ್ಟು ನಿಲ್ಲುತ್ತಿದ್ದುದು ಹೆಚ್ಚು. ತಲೆ ತಟ್ಟುವುದು ನಮಗೆ ಪ್ರೀತಿ, ಅದಕ್ಕೆ ಕಿರುಕುಳ. ಕುತ್ತಿಗೆಯಿಂದ ಭುಜ, ಬೆನ್ನು, ಪಕ್ಕೆ, ತೊಡೆ ಹೀಗೆ ದಿನಕ್ಕೊಂದು ಗೇಣು ಮುಂದುವರಿಯಿರಿ. ಎಲ್ಲಿ ಅದು ಮೈ ಬಿಗಿ ಹಿಡಿಯುವುದೋ ಅಲ್ಲಿ ಕೈ ನಿಲ್ಲಿಸಿ. ತೆಗೆಯಲೂ ಬೇಡಿ, ಮುಂದೆ ಹೋಗಲೂ ಬೇಡಿ. ಅದು ಉಸಿರು ಬಿಟ್ಟು ಮೈ ಸಡಿಲಿಸಿದ ಮೇಲೆ ಕೈ ತೆಗೆಯಿರಿ. ಮೂರು ನಾಲ್ಕು ವಾರಗಳಲ್ಲಿ ಕೆಚ್ಚಲನ್ನು ಮುಟ್ಟಿಸಿಕೊಳ್ಳುತ್ತದೆ. ಬರೀ ಮುಟ್ಟಬೇಕು, ಈಯುವ ಮುಂಚೆ ಮೊಲೆ ಹಿಂಡಬಾರದು. ಹಾಲು ಕರೆಯುವ ಜಾಗಕ್ಕೇ ತಂದು, ಕರೆಯುವ ಪಕ್ಕದಲ್ಲಿಯೇ ಕುಳಿತು, ಪಾತ್ರೆಯ ಸದ್ದನ್ನೂ ಕೇಳಿಸುತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಇಷ್ಟೆಲ್ಲಾ ಯಾಕೆ, ಹೇಗಾದರೂ ಕಾಲು ಕಟ್ಟಿ ಕರೆದರೆ ಹಾಲು ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬರುತ್ತದೆ, ಪೂರಾ ಬರುವುದಿಲ್ಲ. ಕೆಚ್ಚಲನ್ನು ತೊಳೆದು ನೀವಿದಾಗ ಹಸು ತೊರೆ ಬಿಡುತ್ತದಲ್ಲವೇ? ಆಗ ಮೆದುಳಿನ ಬುಡದ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ರಸ ರಕ್ತದಲ್ಲಿ ಬಂದು ಕೆಚ್ಚಲಿನ ಸಣ್ಣ ಚೀಲಗಳನ್ನು ಹಿಂಡುತ್ತದೆ. ಇದರ ಪ್ರಭಾವ ಕೆಲವೇ ನಿಮಿಷ. ಹೆದರಿದ ಹಸುವಿನ ರಕ್ತದಲ್ಲಿ ಅಡ್ರಿನಲಿನ್ ಎಂಬ ಇನ್ನೊಂದು ರಸ ಸೇರಿ ಈ ಕೆಲಸವನ್ನು ತಡೆಯುತ್ತದೆ. ಅದನ್ನೇ ನಾವು ‘ಹಾಲು ಏರಿಸಿಕೊಂಡಿತು’ ಎನ್ನುವುದು. 1941ರಷ್ಟು ಹಿಂದೆಯೇ ಅಮೆರಿಕದ ಇಲಿ ಮತ್ತು ಪೀಟರ್‌ಸನ್ ಎಂಬ ವಿಜ್ಞಾನಿಗಳು, ಹಸುವಿನ ಹತ್ತಿರ ಕಾಗದದ ಚೀಲಗಳನ್ನು ಪಟಪಟನೆ ಒಡೆದು ಬೆದರಿಸಿ ಇದನ್ನು ತೋರಿಸಿದರು. ಕೆಚ್ಚಲಲ್ಲಿ ಉಳಿದ ಹಾಲು ನಾಳೆಗೆ ಸಿಗುವುದೆಂದು ತಿಳಿಯಬೇಡಿ. ದಿನವೂ ಹಾಲು ಉಳಿದರೆ ಇಳುವರಿ ಇಳಿಯುತ್ತಾ ಹೋಗುತ್ತದೆ, ಕೆಚ್ಚಲು ಬಾವಿಗೂ ದಾರಿಯಾಗುತ್ತದೆ.

ಕೆನಡಾದಲ್ಲಿ 1999ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಮನೆಮಂದಿಯೆಲ್ಲ ಕೂಡಿ ಯೋಚಿಸತಕ್ಕದ್ದು. ಒಬ್ಬರು ಹಸುಗಳನ್ನು ಮೃದುವಾಗಿ ನೋಡಿಕೊಂಡರು, ಇನ್ನೊಬ್ಬರು ಒರಟಾಗಿ. ಆಮೇಲೆ ಒರಟಾದವರು ಹಾಲು ಕರೆಯುವ ಹೊತ್ತಿನಲ್ಲಿ ಹತ್ತಿರ ನಿಂತರೆ ಸಾಕು, ಕೆಚ್ಚಲಲ್ಲಿ ಉಳಿದ ಹಾಲು ಹೆಚ್ಚಾಯಿತು. ಹಸು ಜನರನ್ನು ಗುರುತಿಡುತ್ತದೆ ಎಂದಾಯಿತು. ಅತ್ತೆಮ್ಮ ಒಂದು ತಿಂಗಳು ಮೈದಡವಿ ಪಳಗಿಸಿದ್ದನ್ನು ಮೊಮ್ಮಗ ಒಂದು ಸಂಜೆ ಬಾಲ ತಿರುಚಿ ಕೆಡಿಸಬಲ್ಲ. ಹಾಗೆಯೇ ಕಾಲುಬಾಯಿ ಜ್ವರದ ಲಸಿಕೆ, ಕಿವಿಗೆ ಓಲೆ ಹಾಕುವುದು, ಗಾಯ ತೊಳೆಯುವುದು, ಇಂತಹ ನೋವಿನ ಕೆಲಸಗಳನ್ನು ಹಾಲು ಕರೆಯುವ ಜಾಗದಲ್ಲಿ ಮಾಡಿಸಬೇಡಿ. ಹಾಲು ಕರೆಯುವವರು ಆಗ ಮೂಗುದಾರ ಹಿಡಿಯುವುದೂ ಬೇಡ. ಬೇರೆ ಮರದ ಕೆಳಗೆ, ಬೇರೆಯವರು ಹಿಡಿಯಲಿ.

ಮನೆಯ ಹುಡುಗರಿಗೂ ಆಳಿಗೂ ಇದನ್ನು ಕಲಿಸಲು ಬರೀ ಬಾಯಿಮಾತು ಸಾಲದು. ಯುವಕ ಸಂಘದವರು ಈ ಆಟ ಆಡಿಸಬಹುದು. ಒಬ್ಬನು ಕಣ್ಣು ಮುಚ್ಚಿ ಹಗ್ಗದ ತುದಿಯನ್ನು ಕೈಯಲ್ಲಿ ಹಿಡಿದು ಕಡಸಾಗಲಿ. ಇನ್ನೊಬ್ಬನು ಮಾತಾಡದೆ ಹಗ್ಗದಿಂದಲೇ ಅವನನ್ನು ನಡೆಸಲಿ. ಜಗ್ಗುವವನ ಹಿಂದೆ ಹೋಗಲು ಮನಸ್ಸು ಬರುವುದಿಲ್ಲ, ಸಡಿಲ ಬಿಡುವವನ ಹಿಂದೆ ಕಾಲು ತಾನಾಗಿ ಹೋಗುತ್ತದೆ. ಹತ್ತು ನಿಮಿಷ ಕಡಸಾಗಿದ್ದ ಹುಡುಗನ ಕೈ ಮಾರನೆಯ ದಿನ ಮೆತ್ತಗಾಗಿರುವುದನ್ನು ಕಾಣಬಹುದು. ಮೊದಲ ದಿನ ಅವನಿಗೆ ಹೊಸ ಕಡಸನ್ನು ಕೊಡದೆ, ಪಳಗಿದ ಹಳೆಯ ಹಸುವನ್ನು ಕೊಡಿ. ಹಳೆಯ ಹಸು ಒಳ್ಳೆಯ ಉಪಾಧ್ಯಾಯಿನಿ.

ಗಂಡುಕರುಗಳ ಬಗ್ಗೆ ಒಂದು ಎಚ್ಚರಿಕೆ. ತಾಯಿ ಸತ್ತ ಹೋರಿಗರುವನ್ನು ಬಾಟಲಿಯಲ್ಲಿ ಹಾಲು ಕುಡಿಸಿ ಒಂಟಿಯಾಗಿ ಸಾಕುವುದುಂಟು. ಅದು ಮಕ್ಕಳ ಜೊತೆ ತಲೆಗೆ ತಲೆ ಕೊಟ್ಟು ಆಡುವುದು ನೋಡಲು ಚೆಂದ. ಆದರೆ ಮನುಷ್ಯರನ್ನೇ ತನ್ನ ಜಾತಿಯೆಂದು ತಿಳಿದು ಬೆಳೆದ ಹೋರಿ, ಪ್ರಾಯಕ್ಕೆ ಬಂದ ಮೇಲೆ ಇನ್ನೊಂದು ಹೋರಿಯ ಮೇಲೆ ಹೋಗುವಂತೆ ಮನುಷ್ಯರ ಮೇಲೆಯೇ ಹೋಗುತ್ತದೆ. ಅಮೆರಿಕದಲ್ಲಿ 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂಟಿಯಾಗಿ ಬೆಳೆದ ಹೋರಿಗಳು ಗುಂಪಿನಲ್ಲಿ ಬೆಳೆದವುಗಳಿಗಿಂತ ಹೆಚ್ಚು ಹಾಯಲು ಬಂದವು. ದಕ್ಷಿಣ ಅಮೆರಿಕದ ಪೆರು, ಬೊಲಿವಿಯ ದೇಶಗಳ ಬೆಟ್ಟಗಳಲ್ಲಿ ಹೇರು ಹೊರುವ ಲಾಮಾ ಎಂಬ ಪ್ರಾಣಿಯಿದೆ. ಒಂಟೆಯ ಕುಲದ್ದು, ಡುಬ್ಬವಿಲ್ಲ. ಅದನ್ನು ಸಾಕುವವರೂ ಬಾಟಲಿ ಹಾಲಿನ ಗಂಡುಮರಿಯ ವಿಷಯದಲ್ಲಿ ಇದೇ ಭಯ ಹೇಳುತ್ತಾರೆ. ಹೋರಿಗರುವನ್ನು ಬೇರೆ ಕರುಗಳ ಜೊತೆ ಬಿಟ್ಟು ಬೆಳೆಸಿ, ತಲೆ ಗುದ್ದುವ ಆಟವನ್ನು ಮೊದಲ ದಿನವೇ ನಿಲ್ಲಿಸಿ.

ಈಗಾಗಲೇ ಒದೆಯುತ್ತಿರುವ ಹಸು ಮನೆಯಲ್ಲಿದ್ದರೆ, ಪಳಗಿಸುವುದಕ್ಕೆ ಮುಂಚೆ ಅದರ ಮೊಲೆಗಳನ್ನು ಬೆಳಕಿನಲ್ಲಿ ನೋಡಿ. ಬಿರುಕು, ಹುಣ್ಣು ಇದ್ದೀತು, ನಮ್ಮ ಉಗುರು ತಾಗುತ್ತಿದ್ದೀತು. ಕೆಚ್ಚಲಿನ ಒಂದು ಭಾಗ ಬಿಸಿಯಾಗಿ ಗಟ್ಟಿಯಾಗಿದ್ದರೆ, ಅಥವಾ ಮೊದಲ ಹಾಲನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿದಾಗ ಹೆಪ್ಪು ಹೆಪ್ಪಾಗಿ ಕಂಡರೆ, ಅದು ನೋವಿನಿಂದ ಒದೆಯುತ್ತಿದೆ. ಆ ಹೊತ್ತು ಹಗ್ಗವನ್ನು ಕೆಳಗಿಟ್ಟು, ಅದೇ ದಿನ ಪಶುವೈದ್ಯರನ್ನು ಕರೆಸಿ.