ಜೀಪಿಗೆ ಎಷ್ಟು ಇಂಚು ಲಿಫ್ಟ್ ಬೇಕು?



ಹೋದ ತಿಂಗಳ ಪಿಕ್ನಿಕ್ಕಿನಲ್ಲಿ ನಾನು ಪುಳಿಯೋಗರೆ ತಟ್ಟೆ ಹಿಡಿದು ನೆರಳು ಹುಡುಕುತ್ತಿದ್ದಾಗ ಮೂರು ಜನ ಒಬ್ಬರಾದ ಮೇಲೆ ಒಬ್ಬರು ಬಂದು ಒಂದೇ ಪ್ರಶ್ನೆ ಕೇಳಿದರು. "ನಿಮ್ಮ ಜೀಪಿಗೆ ಎಷ್ಟು ಇಂಚು ಲಿಫ್ಟ್ ಹಾಕಿದ್ದೀರಿ? ನಾವೂ ಹಾಕಿಸೋಣ ಅಂತಿದ್ದೀವಿ." ಎರಡು ಇಂಚು ಅಂದೆ. ಮೂವರ ಮುಖದಲ್ಲೂ ಒಂದೇ ನಿರಾಸೆ. "ಅಷ್ಟೇನಾ?" ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಕೋಡ್ ಬರೆದು ಹೊಟ್ಟೆ ಹೊರೆಯುವವನಿಗೆ ಇಂಥ ಅವಕಾಶ ದಿನಾ ಸಿಗುವುದಿಲ್ಲ, ಆದ್ದರಿಂದ ಉತ್ತರವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಕೊಲೊರಾಡೋಕ್ಕೆ ಬಂದು ನೆಲೆಸಿದ ನಮ್ಮಂಥವರಿಗೆ ಮೊದಲ ವರ್ಷ ಹಿಮ ನೋಡುವ ಆಸೆ, ಎರಡನೇ ವರ್ಷ ಬೆಟ್ಟ ಹತ್ತುವ ಆಸೆ, ಮೂರನೇ ವರ್ಷ ಜೀಪಿನ ಆಸೆ. ನಾಲ್ಕನೇ ವರ್ಷ ಬರುವುದೇ ಈ ಲಿಫ್ಟಿನ ಹುಚ್ಚು.

ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ. 2021ರಲ್ಲಿ ನನ್ನ ಬಳಿ ಒಂದು ಹಳೆಯ ಗಾಡಿಯಿತ್ತು. ಊರಾಚೆಯ ಒಂದು ಅಂಗಡಿಯವನು "ನಾಲ್ಕು ಇಂಚು ಹಾಕ್ಸಿ ಸಾರ್, ಅದಕ್ಕಿಂತ ಕಡಿಮೆ ಹಾಕಿಸಿದರೆ ದುಡ್ಡು ದಂಡ" ಎನ್ನುವ ಅರ್ಥದಲ್ಲಿ ಹೇಳಿದ, ನಾನು ತಲೆಯಾಡಿಸಿದೆ. ಗಾಡಿ ನೋಡಲು ಭರ್ಜರಿಯಾಗಿತ್ತು, ಫೋಟೋಗಳೂ ಭರ್ಜರಿಯಾಗಿ ಬಂದವು. ಆರು ವಾರದ ನಂತರ ಐ-70ರಲ್ಲಿ, ಗಂಟೆಗೆ 65 ಮೈಲಿ ವೇಗದಲ್ಲಿ, ಸೇತುವೆಯ ಜೋಡಣೆಯೊಂದನ್ನು ದಾಟಿದ್ದೇ ತಡ, ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ನಡುಗತೊಡಗಿತು. ಇಲ್ಲಿಯವರು ಇದನ್ನು ಡೆತ್ ವಾಬಲ್ ಅನ್ನುತ್ತಾರೆ. ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರು, ಮಧ್ಯೆ ಊರಿನಿಂದ ಬಂದಿದ್ದ ಅಮ್ಮ. ಬ್ರೇಕನ್ನು ನಿಧಾನವಾಗಿ ಒತ್ತಿ ಹೇಗೋ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದೆ. ಯಾರೂ ಮಾತಾಡಲಿಲ್ಲ. ಆಮೇಲೆ ಅಮ್ಮ ಕೇಳಿದ್ದು ಒಂದೇ: "ಈ ಗಾಡಿ ಮೊದಲು ಹೀಗಿರಲಿಲ್ವಲ್ಲೋ, ಯಾಕೆ ಎತ್ತರ ಮಾಡಿಸ್ದೆ?"

ಇಂಜಿನಿಯರನಾಗಿಯೂ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ಗಾಡಿಗೆ, ಅಂದರೆ ಈಗಿರುವ ನಾಲ್ಕು ಬಾಗಿಲಿನ ರ‍್ಯಾಂಗ್ಲರ್ ರೂಬಿಕಾನ್‌ಗೆ, ಪೆನ್ನು ಪೇಪರ್ ಹಿಡಿದು ಕೂತೆ.

ಮೊದಲು ಲಿಫ್ಟ್ ಏನನ್ನು ಎತ್ತುತ್ತದೆ ಅನ್ನುವುದು ತಿಳಿಯಬೇಕು. ನಮ್ಮೂರಿನ ಎತ್ತಿನ ಗಾಡಿಯನ್ನು ನೆನಪಿಸಿಕೊಳ್ಳಿ. ಅದಕ್ಕೆ ಸ್ಪ್ರಿಂಗೂ ಇಲ್ಲ, ಲಿಫ್ಟೂ ಇಲ್ಲ. ಆದರೂ ಹಳ್ಳ, ಕಲ್ಲು, ಗದ್ದೆಯ ಬದು ಎಲ್ಲವನ್ನೂ ದಾಟುತ್ತಿತ್ತು, ಏಕೆಂದರೆ ಎದೆಮಟ್ಟದ ಚಕ್ರ, ಅದರ ನಡುವೆ ಅಚ್ಚು. ಚಕ್ರ ದೊಡ್ಡದಾದರೆ ಮಾತ್ರ ಅಚ್ಚು ಮೇಲೇರುತ್ತದೆ. ರ‍್ಯಾಂಗ್ಲರ್‌ಗೆ ಮುಂದೆಯೂ ಹಿಂದೆಯೂ ಇಂಥದೇ ಗಟ್ಟಿ ಅಚ್ಚು, ಅದರಲ್ಲಿ ಕುಂಬಳಕಾಯಿಯಂತೆ ಉಬ್ಬಿದ ಡಿಫರೆನ್ಷಿಯಲ್. ನೀವು ಎರಡು ಇಂಚಿನ ಸ್ಪ್ರಿಂಗ್ ಹಾಕಿ, ಆರು ಇಂಚಿನದು ಹಾಕಿ, ಆ ಕುಂಬಳಕಾಯಿ ನೆಲದಿಂದ ಒಂದು ಕೂದಲೆಳೆಯೂ ಮೇಲೇರುವುದಿಲ್ಲ. ಏರುವುದು ಅಚ್ಚಿನ ಮೇಲಿರುವ ಚಾಸಿ, ಬಾಡಿ, ಇಂಜಿನ್ ಮತ್ತು ನಾವು.

ಹಾಗಾದರೆ ಟೈರಿನಿಂದ ಎಷ್ಟು ಸಿಗುತ್ತದೆ? ರೂಬಿಕಾನ್ ಜೊತೆ ಬರುವುದು 285/70ಆರ್17 ಟೈರು. 285 ಮಿ.ಮೀ. ಅಗಲ, ಅದರ ಶೇ. 70 ಪಕ್ಕದ ಗೋಡೆಯ ಎತ್ತರ, ಒಳಗೆ 17 ಇಂಚಿನ ರಿಮ್ಮು. ಲೆಕ್ಕ ಹಾಕಿದರೆ ವ್ಯಾಸ ಸುಮಾರು 831 ಮಿ.ಮೀ., ಅಂದರೆ 32.7 ಇಂಚು. ಎಲ್ಲರೂ ಆಸೆಪಡುವ "35 ಇಂಚಿನ" 315/70ಆರ್17 ಟೈರಿನ ವ್ಯಾಸ 873 ಮಿ.ಮೀ., ಅಂದರೆ 34.4 ಇಂಚು. ಹೆಸರಿಗೆ 35, ತೂಕದಲ್ಲಿ ಮೋಸ! ವ್ಯತ್ಯಾಸ 42 ಮಿ.ಮೀ., ಅಚ್ಚು ಏರುವುದು ಅದರ ಅರ್ಧ, 21 ಮಿ.ಮೀ. ಎರಡು ಸೆಂಟಿಮೀಟರಿಗಾಗಿ ಇಷ್ಟೆಲ್ಲ ಸಡಗರ.

ಹಾಗಂತ ಲಿಫ್ಟ್ ದಂಡವೂ ಅಲ್ಲ. ನಾಲ್ಕು ಬಾಗಿಲಿನ ಗಾಡಿಯ ನಿಜವಾದ ಕಷ್ಟ ಹೊಟ್ಟೆಯದು. ಎರಡು ಅಚ್ಚುಗಳ ನಡುವೆ 118.4 ಇಂಚು ಉದ್ದ. ಯೂಟಾದ ಮೋಆಬ್ ಬಂಡೆಗಳ ಮೇಲೆ ಮುಂದಿನ ಚಕ್ರ ದಾಟಿ ಹಿಂದಿನ ಚಕ್ರ ಇನ್ನೂ ಏರುತ್ತಿರುವಾಗ ನಡುಹೊಟ್ಟೆ ಕಲ್ಲಿಗೆ ಉಜ್ಜುತ್ತದೆ. ಆ ಶಬ್ದ ಒಮ್ಮೆ ಕೇಳಿದವರು ಮರೆಯುವುದಿಲ್ಲ. ಹೀಗೆ ಉಜ್ಜದೆ ದಾಟಬಲ್ಲ ಉಬ್ಬಿನ ಅಳತೆಗೆ ಬ್ರೇಕ್‌ಓವರ್ ಕೋನ ಎಂದು ಹೆಸರು. ಕಂಪನಿಯಿಂದ ಬಂದ ಸ್ಥಿತಿಯಲ್ಲಿ ನಾಲ್ಕು ಬಾಗಿಲಿನ ರೂಬಿಕಾನ್‌ಗೆ ಇದು 22.6 ಡಿಗ್ರಿ, ಎರಡು ಬಾಗಿಲಿನದಕ್ಕೆ 27.8. ಗಾಡಿಯ ಹೊಟ್ಟೆ ಒಂದು ಇಂಚು ಏರಿದರೆ ನಮ್ಮ ಉದ್ದಕ್ಕೆ ಸುಮಾರು 2 ಡಿಗ್ರಿ ಲಾಭ. ಎರಡು ಇಂಚು ಸ್ಪ್ರಿಂಗಿನಿಂದ, ಮುಕ್ಕಾಲು ಇಂಚಿಗಿಂತ ತುಸು ಹೆಚ್ಚು ಟೈರಿನಿಂದ. ಒಟ್ಟು 2.8 ಇಂಚು ಸೇರಿಸಿ ತ್ರಿಕೋನಮಿತಿ ಮಾಡಿದರೆ ನನಗೆ ಬಂದ ಉತ್ತರ ಹೆಚ್ಚುಕಮ್ಮಿ 27.8! ಮಕ್ಕಳಿಗೆ ಹಿಂದಿನ ಬಾಗಿಲೂ ಉಳಿಯಿತು, ಗಿಡ್ಡ ಜೀಪಿನ ಹೊಟ್ಟೆಯೂ ಸಿಕ್ಕಿತು. ಅಲ್ಲಿಗೆ ನಿಲ್ಲಿಸಿದೆ.

ಇನ್ನೆರಡು ಇಂಚು ಏರಿಸಿದರೆ ಏನಾಗುತ್ತದೆ? ಇಲ್ಲಿ ಹತ್ತನೇ ಕ್ಲಾಸಿನ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಪೈಥಾಗರಸ್ ಕೆಲಸಕ್ಕೆ ಬರುತ್ತಾನೆ. ಅಚ್ಚು ಎಡಬಲಕ್ಕೆ ಜಾರದಂತೆ ಹಿಡಿದಿಡಲು ಟ್ರ್ಯಾಕ್ ಬಾರ್ ಎಂಬ ಓರೆ ಸಲಾಕೆಯಿದೆ. ಒಂದು ತುದಿ ಚಾಸಿಗೆ, ಇನ್ನೊಂದು ಅಚ್ಚಿಗೆ. ಅದರ ಉದ್ದ 80 ಸೆಂ.ಮೀ., ತುದಿಗಳ ಎತ್ತರದ ವ್ಯತ್ಯಾಸ 10 ಸೆಂ.ಮೀ. ಎಂದುಕೊಳ್ಳೋಣ. ಅಡ್ಡಳತೆ 79.4 ಸೆಂ.ಮೀ. ಚಾಸಿಯನ್ನು ಎರಡು ಇಂಚು, ಅಂದರೆ 5 ಸೆಂ.ಮೀ. ಎತ್ತಿದರೆ ಅಡ್ಡಳತೆ 78.6ಕ್ಕೆ ಇಳಿಯುತ್ತದೆ. ನಾಲ್ಕು ಇಂಚು ಎತ್ತಿದರೆ 77.5. ಅಂದರೆ ಅಚ್ಚು ಪಕ್ಕಕ್ಕೆ ಜಾರುವುದು ಮೊದಲ ಸಲ 8 ಮಿ.ಮೀ., ಎರಡನೇ ಸಲ 19. ಎತ್ತರ ಎರಡರಷ್ಟಾದರೆ ತೊಂದರೆ ಎರಡರಷ್ಟಕ್ಕಿಂತ ಹೆಚ್ಚು. ಅದಕ್ಕೇ ಉದ್ದ ಹೊಂದಿಸಬಹುದಾದ ಟ್ರ್ಯಾಕ್ ಬಾರ್ ಹಾಕಬೇಕು. ನನ್ನ ಹಳೆಯ ಗಾಡಿಗೆ ಅದನ್ನು ಹಾಕಿರಲಿಲ್ಲ. ಇದ್ದ ಸಲಾಕೆಯನ್ನೇ ಎಳೆದು ಕೂರಿಸಿದ್ದರು, ಬೋಲ್ಟು ಸಡಿಲಾಗಿತ್ತು. ಸೇತುವೆಯ ಮೇಲಿನ ಒಂದು ಕುಲುಕಿಗೆ ಅಷ್ಟೇ ಸಾಕಾಯಿತು.

ಇನ್ನೊಂದು ಕಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕು ಸ್ವಲ್ಪ ಓರೆಯಾಗಿರುವುದರಿಂದ ಕೈ ಬಿಟ್ಟರೂ ಅದು ನೇರ ಹೋಗುತ್ತದೆ, ನಾವೆಲ್ಲ ಹುಡುಗಿಯರ ಕಾಲೇಜಿನ ಮುಂದೆ ಪರೀಕ್ಷಿಸಿದ್ದೇವೆ. ಜೀಪಿನ ಮುಂದಿನ ಅಚ್ಚಿಗೂ ಅದೇ ಓರೆಯಿದೆ. ಗಾಡಿ ಎತ್ತಿದಾಗ ಕಂಟ್ರೋಲ್ ಆರ್ಮುಗಳು ಇಳಿಜಾರಾಗಿ ಅಚ್ಚನ್ನು ತಿರುಗಿಸುತ್ತವೆ, ಓರೆ ಕಡಿಮೆಯಾಗುತ್ತದೆ, ಹೈವೇಯಲ್ಲಿ ಗಾಡಿ ಕುಡುಕನಂತೆ ಅತ್ತಿತ್ತ ಅಲೆಯುತ್ತದೆ. ತುಸು ಉದ್ದದ ಕೆಳ ಆರ್ಮು ಹಾಕಿದರೆ ಸರಿಹೋಗುತ್ತದೆ. ಜೊತೆಗೆ ಡ್ರೈವ್‌ಶಾಫ್ಟಿನ ಕೀಲು ಹೆಚ್ಚು ಬಾಗಿ ರಬ್ಬರ್ ಬೂಟು ಹರಿಯುವುದು, ಬ್ರೇಕ್ ಹೋಸು ಬಿಗಿಯಾಗುವುದು... ಪ್ರತಿ ಇಂಚಿಗೂ ಒಂದೊಂದು ಬಿಲ್ಲು. ನಾಲ್ಕು ಇಂಚಿನ ಸ್ಪ್ರಿಂಗ್ ಅಗ್ಗ, ಅದರ ಸಂಸಾರ ದುಬಾರಿ.

ಹಣದ ಮಾತು ಬಿಡಿ, ಮಗುಚುವ ಮಾತಿಗೆ ಬರೋಣ. ಗಾಡಿಯ ಸ್ಥಿರತೆಯನ್ನು ಅಂದಾಜು ಮಾಡಲು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಸರಳ ಸೂತ್ರವೊಂದನ್ನು ಬಳಸುತ್ತದೆ: ಎಡಬಲ ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿ. ಹೆಚ್ಚು ಬಂದಷ್ಟೂ ಒಳ್ಳೆಯದು. ಉದಾಹರಣೆಗೆ ಅಗಲ 63 ಇಂಚು, ಗುರುತ್ವ ಕೇಂದ್ರ 28 ಇಂಚು ಎತ್ತರದಲ್ಲಿದೆ ಎಂದುಕೊಳ್ಳಿ, ಉತ್ತರ 1.125. ದೊಡ್ಡ ಲಿಫ್ಟು, ದೊಡ್ಡ ಟೈರು ಸೇರಿ ಅದು 32 ಇಂಚಿಗೇರಿದರೆ ಉತ್ತರ 0.98. ಚಾವಣಿಯ ಮೇಲೆ ಟೆಂಟು, ಕುಕ್ಕರು, ಅಕ್ಕಿ ಮೂಟೆ ಕಟ್ಟಿದರೆ ಇನ್ನೂ ಕಡಿಮೆ. ಬಂಡೆಯ ಮೇಲೆ ನಾವು ಆಮೆಯಂತೆ ಹೋಗುತ್ತೇವೆ, ಅಲ್ಲಿ ಭಯ ಕಡಿಮೆ. ಮನೆಗೆ ಮರಳುವಾಗ ಹೈವೇಯಲ್ಲಿ ಜಿಂಕೆ ಅಡ್ಡ ಬಂದು ಸ್ಟೀರಿಂಗ್ ಎಳೆದೆವಲ್ಲ, ಆಗ ಈ ಸಂಖ್ಯೆಗೆ ಅರ್ಥ ಬರುತ್ತದೆ. 2012ರ ಮಾಡೆಲ್‌ನಿಂದ ಇಲ್ಲಿನ ಎಲ್ಲ ಹೊಸ ಕಾರುಗಳಲ್ಲೂ ಸ್ಟೆಬಿಲಿಟಿ ಕಂಟ್ರೋಲ್ ಕಡ್ಡಾಯ. ಅದು ಸ್ಟೀರಿಂಗ್ ಎತ್ತ ತಿರುಗಿದೆ ಎಂಬುದನ್ನು ನೋಡಿ ಬ್ರೇಕ್ ಹಾಕುತ್ತದೆ. ಲಿಫ್ಟ್ ನಂತರ ನೇರ ಹೋಗುವಾಗಲೂ ಸ್ಟೀರಿಂಗ್ ಓರೆಯಾಗಿ ನಿಂತಿದ್ದರೆ ಅದಕ್ಕೆ ತಪ್ಪು ಮಾಹಿತಿ ಹೋಗುತ್ತದೆ. ಡ್ರ್ಯಾಗ್ ಲಿಂಕ್ ಹೊಂದಿಸಿ ಸ್ಟೀರಿಂಗನ್ನು ನೇರ ಮಾಡದೆ ಗರಾಜಿನಿಂದ ಹೊರಡಬೇಡಿ. ಹೆಡ್‌ಲೈಟನ್ನೂ ತಗ್ಗಿಸಿ, ಎದುರಿನವರ ಶಾಪ ತಟ್ಟುವುದು ಬೇಡ.

ಈಗ ಬೆಟ್ಟಕ್ಕೆ. ಯೂರೇ, ಸಿಲ್ವರ್‌ಟನ್, ಲೇಕ್ ಸಿಟಿಗಳನ್ನು ಬೆಸೆಯುವ ಆಲ್ಪೈನ್ ಲೂಪ್‌ಗೆ ಹೋಗಬೇಕೆಂಬುದು ನಿಮ್ಮ ಆಸೆಯಾದರೆ ಲಿಫ್ಟ್ ಬೇಕಾಗಿಯೇ ಇಲ್ಲ. ಬೇಸಿಗೆಯಲ್ಲಿ ರಸ್ತೆ ತೆರೆದಾಗ ಕಂಪನಿಯಿಂದ ಬಂದ ರ‍್ಯಾಂಗ್ಲರ್ ಹಾಗೆಯೇ ಹೋಗುತ್ತದೆ. ಅಲ್ಲಿ 12,800 ಅಡಿ ಎತ್ತರದಲ್ಲಿ ಇಂಜಿನಿಯರ್ ಪಾಸ್ ಇದೆ. ನಾಲ್ಕನೇ ಸೆಮಿಸ್ಟರಿನ ಗಣಿತದಲ್ಲಿ ಎಡವಿದ್ದ ನಾನು ಕೊನೆಗೂ ಇಂಜಿನಿಯರ್ ಪಾಸ್ ಆದೆ ಎಂದು ಹೆಂಡತಿ ಫೋಟೋ ತೆಗೆದಳು. ನಮ್ಮ ಮಡಿಕೇರಿಯಿಂದ ಮಾಂದಲಪಟ್ಟಿಗೆ ಜನರನ್ನು ಹೊತ್ತೊಯ್ಯುವ ಜೀಪಿನ ಚಾಲಕರು ಈ ದಾರಿ ನೋಡಿದರೆ ನಕ್ಕಾರು. ನನ್ನ ಎರಡು ಇಂಚು ಕೇವಲ ಮೋಆಬ್‌ಗಾಗಿ. ಅಲ್ಲಿಗೆ ಹೋಗದವರು ಆ ದುಡ್ಡಿನಲ್ಲಿ ಒಳ್ಳೆಯ ಟೈರು ಕೊಳ್ಳಿ.

ಟೊಯೋಟಾ 4ರನ್ನರ್, ಟಕೋಮಾ ಇರುವವರಿಗೆ ಒಂದು ಮಾತು. ಅವುಗಳ ಮುಂದಿನ ಡಿಫರೆನ್ಷಿಯಲ್ ಚಾಸಿಗೇ ಅಂಟಿಕೊಂಡಿರುವುದರಿಂದ ಲಿಫ್ಟಿನೊಂದಿಗೆ ಅದೂ ಏರುತ್ತದೆ, ಆದರೆ ಚಕ್ರಕ್ಕೆ ಹೋಗುವ ಶಾಫ್ಟುಗಳು ಬೇಗ ಬಾಗಿ ಸವೆಯುತ್ತವೆ. ನಿಮಗಂತೂ ಸಣ್ಣ ಲಿಫ್ಟೇ ಸರಿ.

ಕೊಳ್ಳುವ ಮುನ್ನ ಟೇಪು ಹಿಡಿಯಿರಿ. ಚಕ್ರದ ನಡುವಿನಿಂದ ಮೇಲಿನ ಫೆಂಡರಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ, ಖಾಲಿ ಇದ್ದಾಗ ಒಮ್ಮೆ, ಸಂಸಾರ ಸಾಮಾನು ಸಮೇತ ಇನ್ನೊಮ್ಮೆ. ವಿಂಚು, ಉಕ್ಕಿನ ಬಂಪರು ಇರುವ ಗಾಡಿಗೆಂದು ಮಾಡಿದ ಸ್ಪ್ರಿಂಗನ್ನು ಹಗುರ ಗಾಡಿಗೆ ಹಾಕಿದರೆ ಎರಡು ಇಂಚು ಅಂದದ್ದು ಮೂರಾಗಿ ಕೂರುತ್ತದೆ. ಒಟ್ಟು ಎತ್ತರವನ್ನೂ ಲೆಕ್ಕ ಹಾಕಿ. ನನ್ನ ಗಾಡಿ ಮೊದಲು ಸುಮಾರು 73.5 ಇಂಚು, ಈಗ 76.3. ನನ್ನ ಆಫೀಸಿನ ಪಾರ್ಕಿಂಗ್ ಬಾಗಿಲು 78 ಇಂಚು. ನಾಲ್ಕು ಇಂಚು ಹಾಕಿಸಿದ್ದರೆ ದಿನಾ ರಸ್ತೆಯಲ್ಲಿ ನಿಲ್ಲಿಸಿ ಮೀಟರಿಗೆ ಕಾಸು ಹಾಕಬೇಕಿತ್ತು. ನಿಮ್ಮ ರಾಜ್ಯದ ಎತ್ತರದ ನಿಯಮ ನೋಡಿ, ವಿಮೆಯವರಿಗೂ ತಿಳಿಸಿ.

ನೀವೇ ಜೋಡಿಸುವುದಾದರೆ ಇದೊಂದನ್ನು ಮರೆಯಬೇಡಿ: ಕಂಟ್ರೋಲ್ ಆರ್ಮಿನ ಬೋಲ್ಟುಗಳನ್ನು ಗಾಡಿ ಜ್ಯಾಕಿನ ಮೇಲೆ ತೂಗುತ್ತಿರುವಾಗ ಬಿಗಿ ಮಾಡಬೇಡಿ. ಚಕ್ರ ನೆಲದ ಮೇಲೆ ನಿಂತು ಪೂರ್ತಿ ಭಾರ ಬಿದ್ದ ಮೇಲೆಯೇ ಟಾರ್ಕ್ ಕೊಡಿ, ಇಲ್ಲದಿದ್ದರೆ ಒಳಗಿನ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಹರಿಯುತ್ತದೆ. ನೂರು ಮೈಲಿ ಓಡಿಸಿ ಎಲ್ಲ ಬೋಲ್ಟುಗಳನ್ನೂ ಮತ್ತೆ ನೋಡಿ, ಐನೂರಕ್ಕೆ ಇನ್ನೊಮ್ಮೆ. ನಮ್ಮಲ್ಲಿ ಈ ಕೆಲಸದ ಪಟ್ಟಿ ಮಗಳ ಕೈಯಲ್ಲಿರುತ್ತದೆ. ಒಂದೊಂದು ಬೋಲ್ಟಿಗೂ ಹಳದಿ ಬಣ್ಣದ ಗೀಟು ಎಳೆದಿದ್ದಾಳೆ, ಗೀಟು ಸರಿದಿದ್ದರೆ ಬೋಲ್ಟು ತಿರುಗಿದೆ ಎಂದರ್ಥ.

ಜೂನಿನಲ್ಲಿ ಅಮ್ಮ ಮತ್ತೆ ಬರುತ್ತಿದ್ದಾರೆ. ಮಂಡಿ ನೋವು ಜಾಸ್ತಿಯಾಗಿದೆ, ಅದಕ್ಕೊಂದು ಮಡಚುವ ಮೆಟ್ಟಿಲು ತಂದು ಹಿಂದಿನ ಬಾಗಿಲಲ್ಲಿ ಇಟ್ಟಿದ್ದೇನೆ. ಫೋನಿನಲ್ಲಿ "ಅದೇ ಗಾಡೀನಾ?" ಅಂತ ಕೇಳಿದರು. ಬೇರೆ ಅಂದೆ. "ಎಷ್ಟು ಎತ್ತರ?" ಅಂದರು.

ಟಾರ್ಕ್ ವ್ರೆಂಚು, ಜ್ಯಾಕ್ ಸ್ಟ್ಯಾಂಡು ನಮ್ಮ ಗರಾಜಿನಲ್ಲಿವೆ. ಅಳತೆ ತೆಗೆಯಬೇಕೆನ್ನುವವರು ಯಾವುದಾದರೂ ಶನಿವಾರ ಬೆಳಿಗ್ಗೆ ಬನ್ನಿ, ಫಿಲ್ಟರ್ ಕಾಫಿ ಖಂಡಿತ.