ರೋಗಾಣುವಿನ ಮೂಲ

ನದಿಯ ಮೂಲವನ್ನೂ ಋಷಿಯ ಮೂಲವನ್ನೂ ಕೆದಕಬಾರದೆಂದು ಹಿರಿಯರು ಹೇಳುವುದುಂಟು. ಆದರೆ ರೋಗದ ಮೂಲವನ್ನು ಹುಡುಕಿಯೇ ತೀರಬೇಕು. ಮೂಲ ತಿಳಿಯದಿದ್ದರೆ ಒಬ್ಬ ರೋಗಿಯನ್ನು ಗುಣಪಡಿಸಬಹುದೇ ಹೊರತು, ಇನ್ನೊಬ್ಬನು ರೋಗಿಯಾಗುವುದನ್ನು ತಡೆಯಲಾಗದು.

2015ರಲ್ಲಿ ಸಿಂಗಪುರದ ವೈದ್ಯರಿಗೆ ಇಂತಹ ಸಮಸ್ಯೆಯೊಂದು ಎದುರಾಯಿತು. ಆರೋಗ್ಯವಂತರಾಗಿದ್ದ ಅನೇಕ ವಯಸ್ಕರು ತೀವ್ರ ಜ್ವರದಿಂದ ಆಸ್ಪತ್ರೆ ಸೇರತೊಡಗಿದರು. ಕೆಲವರ ರಕ್ತಕ್ಕೆ ನಂಜೇರಿತ್ತು. ಮತ್ತೆ ಕೆಲವರ ಕೀಲುಗಳಿಗೂ ಮಿದುಳಿನ ಪೊರೆಗೂ ಸೋಂಕು ತಗುಲಿತ್ತು. ಅವರ ರಕ್ತವನ್ನು ಪರೀಕ್ಷಿಸಿದಾಗ ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೆ ಎಂಬ ಬ್ಯಾಕ್ಟೀರಿಯ ಕಂಡುಬಂದಿತು.

ಈ ಹೆಸರು ವೈದ್ಯರಿಗೆ ಹೊಸದಾಗಿರಲಿಲ್ಲ. ಹಸುವಿಗೆ ಕೆಚ್ಚಲುಬಾವು ತರುವ ರೋಗಾಣುಗಳಲ್ಲಿ ಇದೂ ಒಂದು. ನವಜಾತ ಶಿಶುಗಳಿಗೆ ಇದು ಅಪಾಯಕಾರಿ. ಆದರೂ ಅನೇಕ ಆರೋಗ್ಯವಂತರ ಕರುಳಿನಲ್ಲಿ ಯಾವ ಕೇಡನ್ನೂ ಮಾಡದೆ ವಾಸಿಸುತ್ತದೆ. ಕನ್ನಡ ನಾಡಿನಲ್ಲಿ ಜಿಲೇಬಿ ಮೀನೆಂದು ಹೆಸರಾದ ತಿಲಾಪಿಯವನ್ನು ಸಾಕುವ ಕೊಳಗಳಿಗೂ ಇದು ಹಬ್ಬುತ್ತದೆ. ಸೋಂಕು ತಗುಲಿದ ಮೀನಿನ ಕಣ್ಣು ಊದಿಕೊಂಡು ಹೊರಚಾಚುತ್ತದೆ; ಅದು ದಿಕ್ಕುತಪ್ಪಿ ಸುತ್ತುಸುತ್ತಾಗಿ ಈಜುತ್ತದೆ. ಆದುದರಿಂದ ಬ್ಯಾಕ್ಟೀರಿಯದ ಹೆಸರು ತಿಳಿದ ಮಾತ್ರಕ್ಕೆ ಅದು ಎಲ್ಲಿಂದ ಬಂದಿತೆಂಬುದು ತಿಳಿಯುವುದಿಲ್ಲ. ಅದರ ಒಳಬಗೆಯನ್ನು ಅರಿಯಬೇಕಾಗುತ್ತದೆ.

ಬ್ಯಾಕ್ಟೀರಿಯಗಳ ಒಳಬಗೆಯನ್ನು ಗುರುತಿಸುವ ವಿಧಾನವೊಂದು 1998ರಲ್ಲಿ ಪ್ರಕಟವಾಗಿತ್ತು. ಅದರ ತತ್ತ್ವ ಸರಳವಾದುದು. ಓಲೆಗರಿಯ ಗ್ರಂಥವನ್ನು ಪ್ರತಿಮಾಡುವಾಗ ಲಿಪಿಕಾರನು ಅಲ್ಲಲ್ಲಿ ಅಕ್ಷರ ತಪ್ಪುತ್ತಾನೆ. ಆ ಪ್ರತಿಯನ್ನು ನೋಡಿ ಬರೆದ ಇತರ ಪ್ರತಿಗಳಲ್ಲಿಯೂ ಅದೇ ತಪ್ಪು ಮುಂದುವರಿಯುತ್ತದೆ. ಈ ಪಾಠಾಂತರಗಳನ್ನು ಹೋಲಿಸಿ, ಯಾವ ಪ್ರತಿಗಳು ಒಂದೇ ಮೂಲದಿಂದ ಬಂದವೆಂಬುದನ್ನು ವಿದ್ವಾಂಸರು ನಿರ್ಣಯಿಸುತ್ತಾರೆ. ಬ್ಯಾಕ್ಟೀರಿಯವೂ ಒಂದು ಎರಡಾಗುವಾಗ ತನ್ನ ಡಿ.ಎನ್.ಎ.ಯನ್ನು ಪ್ರತಿಮಾಡುತ್ತದೆ. ಅಲ್ಲಿಯೂ ಅಪರೂಪವಾಗಿ ಇಂತಹ ವ್ಯತ್ಯಾಸಗಳು ಉಂಟಾಗಿ ಮುಂದಿನ ಪೀಳಿಗೆಗಳಿಗೆ ಸಾಗುತ್ತವೆ. ವಿಜ್ಞಾನಿಗಳು ಬ್ಯಾಕ್ಟೀರಿಯದ 7 ವಂಶವಾಹಿಗಳ ನಿರ್ದಿಷ್ಟ ಭಾಗಗಳನ್ನು ಓದುತ್ತಾರೆ. ಪ್ರತಿಯೊಂದು ವಂಶವಾಹಿಯ ಒಂದೊಂದು ರೂಪಕ್ಕೂ ಒಂದು ಸಂಖ್ಯೆಯಿದೆ. ಈ 7 ಸಂಖ್ಯೆಗಳ ಜೋಡಣೆಯನ್ನು ನೋಡಿ ಬಗೆಯ ಕ್ರಮಾಂಕವನ್ನು ಗೊತ್ತುಮಾಡುತ್ತಾರೆ.

ಸಿಂಗಪುರದ ನೂರಕ್ಕೂ ಹೆಚ್ಚು ರೋಗಿಗಳಲ್ಲಿ ದೊರೆತ ಬ್ಯಾಕ್ಟೀರಿಯ 283ನೆಯ ಬಗೆಗೆ ಸೇರಿತ್ತು. ಬೇರೆಬೇರೆ ಮನೆಗಳವರಿಗೆ ಒಂದೇ ಬಗೆಯ ಸೋಂಕು ತಗುಲಿದ್ದುದರಿಂದ ಅದರ ಮೂಲವೂ ಒಂದೇ ಇರಬೇಕೆಂಬ ಊಹೆ ಬಲವಾಯಿತು. ವಿಚಾರಿಸಿದಾಗ ಅವರಲ್ಲಿ ಅನೇಕರು ಸಿಹಿನೀರಿನ ಹಸಿಮೀನಿನ ತೆಳುಹೋಳುಗಳನ್ನು ಗಂಜಿಯೊಡನೆ ತಿಂದಿದ್ದರೆಂದು ತಿಳಿಯಿತು. ಮಾರಾಟದ ಮೀನುಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿಯೂ 283ನೆಯ ಬಗೆಯೇ ದೊರೆಯಿತು. ಸಿಂಗಪುರದ ಸರ್ಕಾರವು 2015ರ ಡಿಸೆಂಬರಿನಲ್ಲಿ, ಸಿದ್ಧ ತಿನಿಸುಗಳಲ್ಲಿ ಸಿಹಿನೀರಿನ ಹಸಿಮೀನನ್ನು ಬಳಸಿ ಮಾರುವುದನ್ನು ನಿಷೇಧಿಸಿತು.

ಸಮಸ್ಯೆ ಒಂದೇ ನಗರಕ್ಕೆ ಸೀಮಿತವಾಗಿರಲಿಲ್ಲ. ಥಾಯ್ಲೆಂಡ್ ಮತ್ತು ಲಾವೋಸ್‌ಗಳ ರೋಗಿಗಳಲ್ಲಿಯೂ, ಮಲೇಷ್ಯ ಮತ್ತು ವಿಯೆಟ್ನಾಂಗಳ ಸಾಕುಮೀನುಗಳಲ್ಲಿಯೂ ಇದೇ ಬಗೆ ಇದ್ದುದನ್ನು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿಕೊಟ್ಟಿತು.

ಮೀನು ಪೌಷ್ಟಿಕವಾದ ಆಹಾರ. ಅದನ್ನು ಸಾಕುವುದು ಲಕ್ಷಾಂತರ ಜನರ ಜೀವನೋಪಾಯ. ಮೂಲವನ್ನು ಅರಿಯದೆ ಎಲ್ಲ ಮೀನನ್ನೂ ದೂರಿದರೆ ಸಾಕಣೆಗಾರನಿಗೆ ಅನ್ಯಾಯವಾಗುತ್ತದೆ. ಯಾವುದನ್ನೂ ಶಂಕಿಸದಿದ್ದರೆ ತಿನ್ನುವವನ ಪ್ರಾಣಕ್ಕೆ ಅಪಾಯ. ರೋಗಾಣುವಿನ ಬಗೆಯನ್ನು ಅರಿತರೆ ಅದು ಯಾವ ಕೊಳಗಳಲ್ಲಿ ಹರಡಿದೆಯೆಂಬುದನ್ನು ತಿಳಿಯಬಹುದು. ಮೀನಿಗೆ ತಕ್ಕ ಲಸಿಕೆಯನ್ನು ಸಿದ್ಧಪಡಿಸಲೂಬಹುದು. ಇನ್ನು ಅಡುಗೆಮನೆಯಲ್ಲಿ ಮಾಡಬೇಕಾದುದು ಸುಲಭ. ಚೆನ್ನಾಗಿ ಬೇಯಿಸಿದ ಮೀನಿನಲ್ಲಿ ಈ ಬ್ಯಾಕ್ಟೀರಿಯ ಬದುಕಿ ಉಳಿಯಲಾರದು.